ಕಾಯಿಸದ ಹಲಗೆ

ಮೊನ್ನೆ ಪಾಮನಕಲ್ಲೂರಿನ ಮದುವೆಯೊಂದರಲ್ಲಿ ಹುಡುಗರು ಹುಲ್ಲಿನ ಬೆಂಕಿಗೆ ಹಲಗೆ ಹಿಡಿದು ಚರ್ಮ ಕಾಯಿಸುತ್ತಿದ್ದರು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಗಿ ಮಾವ ಎದುರಿಗೆ ಬಂದು ನಿಂತಂತಾಯಿತು...

ನಾನು ಮಸ್ಕಿಗೆ ಸೊಸೆಯಾಗಿ ಬಂದಾಗ ಮಾವ ನಮ್ಮ ಪಕ್ಕದ ಮನೆಯವರು. ಊರಿಗೆಲ್ಲ ಹಲಗೆ ಬಾರಿಸುವವರು ಅವರೇ. ಜಂಬವೋ ಜಂಬ! "ನನ್ನ ಹಲಗಿ ಕೇಳಿದ್ರ ಸತ್ತಾಂವನೂ ಎದ್ದು ಕುಣಿತಾನ" ಎನ್ನುತ್ತಿದ್ದರು. ಪೂರಾ ಸುಳ್ಳೂ ಅಲ್ಲ. ಲಿಂಗಸುಗೂರು, ಸಿಂಧನೂರಿನಿಂದಲೂ ಮದುವೆಗೆ ಕರೆಯಲು ಜನ ಬರುತ್ತಿದ್ದರು.

ನಿಜಾಮನ ಕಾಲವದು. ಒಂದು ಶ್ರಾವಣದಲ್ಲಿ ಯಾರೋ ಸಾಹೇಬ ನಮ್ಮ ಗುಡ್ಡಕ್ಕೆ ನವಿಲಿನ ಶಿಕಾರಿಗೆ ಬಂದ. ಊರೆಲ್ಲ ಬಿಟ್ಟಿ ಚಾಕರಿಗೆ ಹೋಗಬೇಕು, ಒಲ್ಲೆನೆಂದರೆ ಬಾರುಕೋಲು. ನನಗೆ ನೀರು ಹೊರುವ ಕೆಲಸ. ಮಾವ ಕೊಳ್ಳದಲ್ಲಿ ಹಲಗೆ ಬಾರಿಸಬೇಕು, ಸದ್ದಿಗೆ ಬೆದರಿ ನವಿಲು ಮೇಲೇಳಬೇಕು, ಆ ಕಡೆ ಕೂತ ಸಾಹೇಬ ಗುಂಡು ಹೊಡೆಯಬೇಕು.

ತಂಪು ಹವೆಗೆ ಹಲಗೆಯ ಚರ್ಮ ಸಡಿಲಾಗುತ್ತದೆ, ಕಾಯಿಸದಿದ್ದರೆ ನಾದವಿಲ್ಲ. ಮಾವ ಬೆಂಕಿ ಹಚ್ಚಿದರು. ಪಕ್ಕದ ಕಾರೆಕಂಟಿಯ ಬುಡದಲ್ಲಿ ಹೆಣ್ಣು ನವಿಲೊಂದು ಮೊಟ್ಟೆಗಳ ಮೇಲೆ ಕೂತಿತ್ತು. ಅದನ್ನು ನೋಡಿ ಮಾವ ಹಲಗೆ ಕೆಳಗಿಟ್ಟರು.

"ಯವ್ವಾ, ಕೊಡ ಇಳಸು. ಬೆಂಕಿಗಿ ನೀರು ಹಾಕು."

"ಮಾವ, ಹಲಗಿ ಕಾದಿಲ್ಲಲ್ರೀ!"

"ಹಾಕಬೇ ಅಂದೆ. ಕೊಳ್ಳದ ತುಂಬ ಕಾವಿಗಿ ಕುಂತಾವ. ಇವನ್ನ ಎಬ್ಬಿಸಿ ಕೊಲ್ಲಸಾಕ ಅಲ್ಲ ನನ್ನ ಹಲಗಿ. ಯಾರ ಮುಂದೂ ಬಾಯಿ ಬಿಡಬ್ಯಾಡ, ನನ್ನ ಬೆನ್ನ ಚರ್ಮ ಸುಲಿತಾರ."

ಸುರಿದೆ. ಒದ್ದೆ ಗೋಣಿ ಬಡಿದಂತೆ ಹಲಗೆ ದಬ್ ದಬ್ ಎಂದಿತು. ಒಂದು ನವಿಲೂ ಏಳಲಿಲ್ಲ. ಇವನಿಗೆ ಬಾರಿಸಲಿಕ್ಕೇ ಬರುವುದಿಲ್ಲವೆಂದು ಉಗುಳಿ ಸಾಹೇಬ ಹೊರಟುಹೋದ. ನಮ್ಮವರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮದುವೆಗಳಿಗೆ ಸಂತೆಕಲ್ಲೂರಿನವನನ್ನು ಕರೆಯತೊಡಗಿದರು. ಅಷ್ಟು ಜಂಬದ ಮನುಷ್ಯ, ತುಟಿ ಪಿಟಕ್ಕೆನ್ನಲಿಲ್ಲ. ನನಗೇ ಸಂಕಟ ತಡೆಯದೆ, ಹೇಳಿಬಿಡಲೇ ಎಂದು ಕೇಳಿದರೆ, "ಸುಮ್ನಿರಬೇ. ಮರಿ ಆಗ್ಯಾವಿಲ್ಲೋ?" ಎಂದು ನಕ್ಕುಬಿಡುತ್ತಿದ್ದರು.

ನಿಜಾಮನ ರಾಜ್ಯ ಹೋಗುವ ಮೊದಲೇ ಮಾವ ಹೋದರು. ಅವರ ಮಣ್ಣಿಗೆ ಹಲಗೆ ಬಾರಿಸಿದವನೂ ಸಂತೆಕಲ್ಲೂರಿನವನೇ. ಅಂದು ಅತ್ತಷ್ಟು ನಾನು ನನ್ನ ತಂದೆಗೂ ಅತ್ತಿಲ್ಲ...

ಮೊನ್ನೆ ಆ ಮದುವೆಯಲ್ಲಿ ಒಬ್ಬ ಹುಡುಗ ಪೆಟ್ಟು ತಪ್ಪಿದ. "ಏನಲೇ, ಮಸ್ಕಿ ಗುಡ್ಡದ ಹಲಗಿ ಆತಲ್ಲ!" ಎಂದು ಯಾರೋ ಗೇಲಿ ಮಾಡಿದರು. ಅಯ್ಯೋ, ಅಂದು ಮಾವನನ್ನು ಅಣಕಿಸಲು ಹುಟ್ಟಿದ ಆ ಮಾತು ಇನ್ನೂ ಸತ್ತಿಲ್ಲ! ಕೊಟ್ಟ ಮಾತು ಇಷ್ಟು ವರ್ಷ ನಡೆಸಿದ್ದು ಸಾಕೆನಿಸಿತು. ಈಗ ಚರ್ಮ ಸುಲಿಯುವವರೂ ಇಲ್ಲ, ಸುಲಿಸಿಕೊಳ್ಳುವವರೂ ಇಲ್ಲ. "ಆ ಬೆಂಕಿ ಆರಿಸಿದಾಕಿ ನಾನ" ಎಂದು ಎದ್ದು ನಿಂತು, ತುಂಬಿದ ಚಪ್ಪರದಲ್ಲಿ ಎಲ್ಲ ಹೇಳಿದೆ. ಎಲ್ಲರೂ ಕೇಳಿದರು. ಕೇಳಬೇಕಾದವರೊಬ್ಬರು ಇರಲಿಲ್ಲ.