ಅಕ್ಕೋರ ಕರೆಂಟು

ಬೆಟಗೇರಿಯ ನಮ್ಮ ಓಣಿಯಲ್ಲಿ ಕನ್ನಡ ಶಾಲೆಯ ಟೀಚರೊಬ್ಬರಿದ್ದರು, ಎಲ್ಲರಿಗೂ ಅಕ್ಕೋರು. ಎಂಬತ್ತರ ದಶಕದಲ್ಲಿ ಅವರಿಗೆ ಎದೆಯ ಕ್ಯಾನ್ಸರ್ ಆಗಿ, ಹುಬ್ಬಳ್ಳಿಯ ದವಾಖಾನೆಯಲ್ಲಿ ತಿಂಗಳೊಪ್ಪತ್ತು 'ಕರೆಂಟ್' ಕೊಡಿಸಿಕೊಂಡು ಬಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಇದ್ದದ್ದು ಅದೊಂದೇ ಹೆಸರು. ನೋಡಲು ಬಂದ ಹೆಂಗಸರು ಬಾಗಿಲಲ್ಲೇ ಕೂತರು. ಮುಟ್ಟಿದರೆ ಏನಾದೀತೋ ಎಂಬ ಅಂಜಿಕೆ.

ಅಕ್ಕೋರಿಗೆ ಅದು ತಿಳಿಯದೆ ಇದ್ದೀತೇ? ಚಹಾ ಕೊಡುವ ನೆಪದಲ್ಲಿ ಬಂದವರ ಮುಂಗೈಯನ್ನು ಗಬಕ್ಕನೆ ಹಿಡಿದು, "ಝುಮ್ ಅಂತೇನ್ರಿ?" ಎನ್ನುತ್ತಿದ್ದರು. ಅವರು ಕಿಟಾರನೆ ಕಿರುಚಿದರೆ ಇವರಿಗೆ ನಗು ತಡೆಯುತ್ತಿರಲಿಲ್ಲ. ಓಣಿಯಲ್ಲಿ ಲೈಟು ಹೋದಾಗಲೆಲ್ಲ ಕಟ್ಟೆಗೆ ಬಂದು, "ಒಂದು ಬಲ್ಬ್ ತರ್ರಿ, ನಾ ಹಿಡ್ಕೊಂಡು ನಿಂದರ್ತೀನಿ" ಎಂದು ಕೂಗುವರು.

ನಾನು ಆಗಷ್ಟೇ ಮದುವೆಯಾಗಿ ಪಕ್ಕದ ಮನೆಗೆ ಬಂದವಳು. ಒಂದು ಮಧ್ಯಾಹ್ನ ರೊಟ್ಟಿ ಕೊಡಲು ಹೋದಾಗ ನನ್ನ ಕೈಯನ್ನೂ ಹಾಗೆಯೇ ಹಿಡಿದರು. ನಾನು ಕಿರುಚಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ.

"ಯಾಕವಾ, ಶಾಕ್ ಹೊಡೀಲಿಲ್ಲೇನ?"

"ಇಲ್ರಿ ಅಕ್ಕೋರ."

ಅವರು ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು.

"ಹಂಗಾರ ಕೈ ಲಗೂನ ಬಿಡಬ್ಯಾಡ."