ಗುನ್ವೋರಳ ಅಂಗಳದ ದೀಪ

ಗುನ್ವೋರಳ ಅಂಗಳದಲ್ಲಿ ದೀಪ ಉರಿಯುತ್ತಿದ್ದರೆ ಯಾರೂ ಬರುತ್ತಿರಲಿಲ್ಲ. ಆರಿದ್ದರೆ ಬಸ್ಸು ತುಂಬ ಜನ ಬರುತ್ತಿದ್ದರು. ಇದೆಲ್ಲಿಯ ತಲೆಕೆಳಗಿನ ಲೆಕ್ಕ ಅನ್ನಬೇಡಿ, ಫಿನ್ಲೆಂಡ್ ಗಡಿಗೆ ಹತ್ತಿರದ ನಮ್ಮ ಲಿಂಗನ್ ಕಡೆ ಇದರಲ್ಲಿ ಸೋಜಿಗವೇನಿಲ್ಲ.

ಚಳಿಗಾಲದಲ್ಲಿ ಕರಾವಳಿಯ ಮೇಲೆ ಸದಾ ಮೋಡ. ರಾತ್ರಿಯ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕು ನೋಡಲು ಬಂದವರನ್ನು ಕೂರಿಸಿಕೊಂಡು ಒಡ್ವಾರ್ ದಿನಾ ಸಂಜೆ ಬಸ್ಸು ತರುತ್ತಿದ್ದ. ಬೆಟ್ಟಗಳ ನಡುವೆ ನುಗ್ಗಿದ ಕಡಲತೋಳು ಫ್ಯೋರ್ಡಿನ ಆಚೆ ದಡದ ಕವಲುದಾರಿಯಲ್ಲಿ ನಿಲ್ಲಿಸಿ, ನೀರಿನಾಚೆ ಗುನ್ವೋರಳ ಮನೆಯ ಕಡೆ ಕಣ್ಣು ಹಾಯಿಸುತ್ತಿದ್ದ. ಅವಳ ಕಣಿವೆಗೆ ಮೂಡಣ ಗಾಳಿ ಇಳಿದರೆ ಮೋಡ ಚದುರಿ, ಮೈ ಕೊರೆಯುವ ಚಳಿ ಬಿದ್ದು, ಆಕಾಶ ತೆರೆದುಕೊಳ್ಳುತ್ತದೆ. ಆಗ ಅವಳು ದೀಪ ಆರಿಸುತ್ತಿದ್ದಳು. ಆ ಬೆಳಕು ನೋಡಲು ಕತ್ತಲೆ ಬೇಕಲ್ಲ. ದೀಪ ಕಂಡರೆ ಇಲ್ಲೂ ಮೋಡ ಎಂದರ್ಥ, ಒಡ್ವಾರ್ ತೆರೆದ ಆಕಾಶ ಹುಡುಕಿಕೊಂಡು ಗಡಿಯಾಚೆಗೆ ಫಿನ್ಲೆಂಡ್ ರಸ್ತೆ ಹಿಡಿಯುತ್ತಿದ್ದ. ಕವಲಿನಲ್ಲಿ ಫೋನ್ ಸಿಗುವುದಿಲ್ಲವೆಂದು ಅವಳ ಗಂಡ ಐನಾರ್ ಬದುಕಿದ್ದಾಗ ಮಾಡಿದ ಏರ್ಪಾಡು. ಐನಾರ್ ಹೋದ, ಏರ್ಪಾಡು ಉಳಿಯಿತು.

ಬಂದವರಿಗೆ ಅವಳು ಕಾಫಿ ಕೊಡುತ್ತಿದ್ದಳು, ಬೆಣ್ಣೆ ಸಕ್ಕರೆ ಸವರಿದ ಲೆಫ್ಸೆ ರೊಟ್ಟಿ ಕೊಡುತ್ತಿದ್ದಳು. ಅವರ ಮಾತು ಇವಳಿಗೆ ತಿಳಿಯದು, ಇವಳದು ಅವರಿಗೆ ತಿಳಿಯದು. ಆದರೂ ಮನೆ ತುಂಬಿರುತ್ತಿತ್ತು. ಒಡ್ವಾರ್ ಒಲೆಯ ಪಕ್ಕ ಕೂತು ರೇಗಿಸುತ್ತಿದ್ದ: "ಚಿಕ್ಕಮ್ಮ, ಈ ಕಾಫೀಲಿ ಚಮಚ ನೆಟ್ಟಗೆ ನಿಲ್ಲುತ್ತೆ."

"ನಿಂತ್ರೆ ನಿಲ್ಲಲಿ. ನೀನು ಸುಮ್ನೆ ಕುಡಿ."

ಆ ವರ್ಷ ಹಾಳು ಪಡುವಣ ಗಾಳಿ ಬಿಡಲೇ ಇಲ್ಲ. ಹಿಮ ಕರಗಿ ಕೆಸರಾಯಿತು, ಮೋಡ ಬೆಟ್ಟದಿಂದ ಮೇಲೇಳಲಿಲ್ಲ. ದಿನಾ ದೀಪ ಹಾಕುವುದು, ದಿನಾ ಬಸ್ಸಿನ ಬೆಳಕು ಕವಲಿನಲ್ಲಿ ತಿರುಗಿ ಹೋಗುವುದನ್ನು ಕಿಟಕಿಯಿಂದ ನೋಡುವುದು. ಒಂದು ಸಂಜೆ ಅಭ್ಯಾಸಬಲದಿಂದ ಲೆಫ್ಸೆ ಸುಟ್ಟಳು. ಸುಟ್ಟ ಮೇಲೆ ನೋಡುತ್ತಾಳೆ, ತಟ್ಟೆ ತುಂಬ ಇದೆ, ತಿನ್ನುವವಳು ತಾನೊಬ್ಬಳೇ. ಅಳು ಬಂತು. ಎದ್ದು ಹೋಗಿ ದೀಪ ಆರಿಸಿಬಿಟ್ಟಳು.

ಬಸ್ಸು ಬಂತು. ಜನ ಇಳಿದು, ಕತ್ತು ನೋಯುವಷ್ಟು ಹೊತ್ತು ಕಪ್ಪು ಮೋಡವನ್ನು ನೋಡಿದರು. ಒಬ್ಬ ಹೆಂಗಸು ಬಸ್ಸಿಗೆ ಮರಳಿ ಕೂತು ಕಣ್ಣೊರೆಸಿಕೊಂಡಳು. ಮರುದಿನ ಅವಳ ವಿಮಾನವಂತೆ. ಒಡ್ವಾರ್ ಒಳಗೆ ಬಂದು ಬಾಗಿಲ ಬಳಿಯೇ ನಿಂತ.

"ಬಲ್ಬ್ ಹೋಯ್ತಾ, ಚಿಕ್ಕಮ್ಮ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗುನ್ವೋರ್ ಅಂಥವಳಲ್ಲ.

"ಇಲ್ಲ ಕಣೋ. ನಾನೇ ಆರಿಸ್ದೆ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಗಡಿ ಆಚೆ ಇವತ್ತು ಆಕಾಶ ತೆರೆದಿತ್ತಂತೆ," ಎಂದ ಮೆಲ್ಲಗೆ. "ಈಗ ಹೋದ್ರೂ ಹೊತ್ತಾಗುತ್ತೆ."

"ಕಾಫಿ ಆದ್ರೂ ಕುಡ್ದು ಹೋಗೋ."

"ಜನ ಕಾಯ್ತಿದಾರೆ, ಚಿಕ್ಕಮ್ಮ."

ವಾರ ಕಳೆದು ಗಾಳಿ ತಿರುಗಿತು. ಮೂಗಿನೊಳಗೆಲ್ಲ ಹೆಪ್ಪುಗಟ್ಟುವ ಚಳಿ, ಕಾಲಿಟ್ಟರೆ ಕಿರುಗುಟ್ಟುವ ಹಿಮ, ಕಣಿವೆಯ ಮೇಲೆ ಒಂದು ಎಳೆ ಮೋಡವಿಲ್ಲ. ಗುನ್ವೋರ್ ಲೆಫ್ಸೆ ಸುಟ್ಟು, ಕಾಫಿಗೆ ನೀರಿಟ್ಟು, ದೀಪ ಆರಿಸಿ, ಅಂಗಳದಲ್ಲಿ ನಿಂತಳು. ಬೆಟ್ಟದ ನೆತ್ತಿಯಿಂದ ಹಸಿರು ಬೆಳಕು ಎದ್ದು ಆಕಾಶದ ಉದ್ದಕ್ಕೂ ಹರಡಿತು. ಎಷ್ಟೋ ವರ್ಷದಲ್ಲಿ ಅಂಥದ್ದನ್ನು ಅವಳು ಕಂಡಿರಲಿಲ್ಲ.

ಆಚೆ ದಡದ ಮೇಲೆ ಮೋಡ ಇನ್ನೂ ಕವಿದೇ ಇತ್ತು, ಅಲ್ಲಿಂದ ಈ ಆಕಾಶ ಕಾಣದು. ಬಸ್ಸಿನ ಬೆಳಕು ಬಂದು ಕವಲಿನಲ್ಲಿ ನಿಂತಿತು. ಬಹಳ ಹೊತ್ತು ನಿಂತೇ ಇತ್ತು. ಹಿಂದೆಲ್ಲ ಅಷ್ಟು ಹೊತ್ತು ನಿಂತದ್ದೇ ಇಲ್ಲ.

"ಬಾರೋ," ಎಂದಳು ಗುನ್ವೋರ್. "ಇವತ್ತು ನಿಜ ಕಣೋ."

ಬಸ್ಸು ಫಿನ್ಲೆಂಡ್ ರಸ್ತೆಗೆ ತಿರುಗಿತು. ಅದರ ಕೆಂಪು ಬೆಳಕು ಮರೆಯಾಗುವ ತನಕ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಕಾಫಿಯ ನೀರು ಇಳಿಸಿದಳು, ಆಕಾಶ ಇನ್ನೂ ಹೊತ್ತಿ ಉರಿಯುತ್ತಿರುವಾಗಲೇ ಅಂಗಳದ ದೀಪ ಹಾಕಿದಳು.