ಕಾರಿನ ಕೆಳಗಿನ ಬಾವಿ

“ಕಾರು ಒಂಚೂರು ಹಿಂದಕ್ಕೆ ತೆಗೀತೀಯೇನಪ್ಪಾ? ನಮ್ಮ ಬಾವಿ ಅದರ ಕೆಳಗೈತೆ.”

ಬೆಳಿಗ್ಗೆ ಗೇಟಿನ ಹೊರಗೆ ನಿಂತು ಹೀಗೆ ಕೇಳಿದ ಅಜ್ಜಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಜೊತೆಗೆ ತಲೆಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಮೊಮ್ಮಗಳು, ಅವಳ ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಸೊಂಟದಲ್ಲಿ ಖಾಲಿ ಬಿಂದಿಗೆ. ಕೋಲಾರದ ನಮ್ಮ ಬಡಾವಣೆ ಮೊದಲು ಹಿಪ್ಪುನೇರಳೆ ತೋಟವಾಗಿತ್ತಂತೆ. ನಮ್ಮ ಸೈಟು ಆಗ ಇವರ ಜಮೀನೇ; ಬಡಾವಣೆ ಮಾಡುವಾಗ ಬಾವಿ ಮುಚ್ಚಿದರಂತೆ. ಬಾಣಂತಿ ಗಂಗೆ ಪೂಜೆ ಮಾಡಿಯೇ ಮತ್ತೆ ನೀರು ಹೊರಬೇಕು. ಇವರ ಮನೆಯ ಹೆಂಗಸರೆಲ್ಲ ಪೂಜೆ ಮಾಡಿದ್ದು ಈ ಬಾವಿಗೇ.

ನನಗೆ ನಂಬಿಕೆ ಬರಲಿಲ್ಲ. ಸೈಟು ಕೊಳ್ಳುವಾಗ ಬಾವಿಯ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಆದರೂ ಕಾರು ತೆಗೆದೆ. ಅಜ್ಜಿ ಅತ್ತಿತ್ತ ನೋಡದೆ ನೇರ ಹೋಗಿ, ಕಾರು ನಿಂತಿದ್ದಲ್ಲಿ ಎಷ್ಟು ಸಲ ಸರಿಮಾಡಿಸಿದರೂ ಮತ್ತೆ ಕುಸಿಯುವ ಟೈಲ್ಸಿನ ಪಕ್ಕ ಕೂತರು. “ಈಡ ಪೆಟ್ಟಮ್ಮಾ” ಎಂದು ಮೊಮ್ಮಗಳಿಗೆ ತೆಲುಗಿನಲ್ಲಿ ಹೇಳಿ, ಅಲ್ಲೇ ತಟ್ಟೆ ಇಡಿಸಿದರು. ಪೂಜೆ ಮುಗಿದ ಮೇಲೆ ನನ್ನ ಹೆಂಡತಿ ನಮ್ಮ ನಲ್ಲಿಯಿಂದ ಬಿಂದಿಗೆ ತುಂಬಿಸಿಕೊಟ್ಟಳು. ಹುಡುಗಿ ಅದನ್ನು ಸೊಂಟಕ್ಕೇರಿಸಿಕೊಂಡು ಹೊರಟಳು.

ಆ ಟೈಲ್ಸ್ ಕುಸಿದಾಗಲೆಲ್ಲ ಗಾರೆ ಮೇಸ್ತ್ರಿಯನ್ನು ಬೈಯುತ್ತಿದ್ದೆ. ಈಗ ಬೈಯುವುದಿಲ್ಲ. ಕಾರು ರಸ್ತೆಯಲ್ಲೇ ನಿಲ್ಲುತ್ತದೆ. ಅದು ಭಕ್ತಿಯೋ ಭಯವೋ ಎಂದು ಮನೆಯಲ್ಲಿ ಯಾರೂ ಕೇಳಿಲ್ಲ.